ಅಕ್ಷರಕ್ಕೆ ಹೆಸರಿಟ್ಟವರು

ದೊಡ್ಡಗದ್ದವಳ್ಳಿಯ ಕೆರೆಯ ಬದಿಯಲ್ಲಿರುವ ಲಕ್ಷ್ಮೀದೇವಿಯ ಗುಡಿಯನ್ನು 1113ರ ಸುಮಾರಿಗೆ ಕಟ್ಟಿಸಿದವನು ಕುಲ್ಲಹಣ ರಾಹುತನೆಂಬ ವರ್ತಕ. ಜೊತೆಗೆ ಅವನ ಮಡದಿ ಸಹಜಾದೇವಿ. ಇದನ್ನು ನಮಗೆ ತಿಳಿಸುವುದು ಅಲ್ಲಿಯ ಶಾಸನ. ಒಂಬೈನೂರು ವರ್ಷದ ಮಳೆ ಗಾಳಿಗಳಾದ ಮೇಲೂ ಬಲ್ಲವರು ಅದನ್ನು ಓದಬಲ್ಲರು.

ಆ ಗುಡಿಯನ್ನು ನೋಡಿ ಬಂದ ದಿನವೇ, ಹೊಯ್ಸಳರ ಕಾಲದ ಕನ್ನಡವನ್ನು ಕುರಿತು ನಾನು ಹಿಂದೆ ಬರೆದಿದ್ದ ಲೇಖನವೊಂದನ್ನು ಗಣಕದಲ್ಲಿ ತೆರೆದೆ. ಅದಕ್ಕೆ ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ. ಕನ್ನಡದ ಅಕ್ಷರ ಒಂದೂ ಕಾಣಲಿಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಕಾರಣ ಗುಟ್ಟಿನದೇನಲ್ಲ. ಆ ದಿನಗಳ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದವು, ಅದೂ ಒಂದೊಂದು ಒಂದೊಂದು ಬಗೆಯಲ್ಲಿ. ಹೊದಿಕೆ ತೆಗೆದರೆ ಒಳಗೆ ಕನ್ನಡವೇ ಇರಲಿಲ್ಲ.

ಈ ಅನಾಹುತವನ್ನು ತಪ್ಪಿಸಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ನಮ್ಮ ಲಿಪಿಗೆ ಸ್ವಂತ ಸಂಖ್ಯೆಗಳು ದೊರೆತವು. ಅದು ಉಪಕಾರವೇ, ಅಲ್ಲಗಳೆಯುವ ಕೃತಘ್ನತೆ ನನಗೆ ಬೇಡ. ಆದರೆ ಆ ಪಟ್ಟಿಯನ್ನು ಸಾಹಿತ್ಯದ ವಿದ್ಯಾರ್ಥಿಯೊಬ್ಬ ಓದಬೇಕಾದಂತೆ ಓದಿದರೆ ಒಂದು ಕಡೆ ನಿಲ್ಲಬೇಕಾಗುತ್ತದೆ. ಹಳಗನ್ನಡದ ‘ೞ’ ಇದೆಯಷ್ಟೆ: ಪಂಪನ ಕಾಲದ ಅಕ್ಷರ, ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಎಲ್ಲೆಲ್ಲಿ ಬರುತ್ತದೆಂದು ಎಚ್ಚರದಿಂದ ವಿವರಿಸಿದ ಅಕ್ಷರ. ಯೂನಿಕೋಡಿನಲ್ಲಿ ಅದರ ಹೆಸರು ‘ಕನ್ನಡ ಲೆಟರ್ ಫ಼’! ಇಂಗ್ಲಿಷಿನ ‘ಫ್ಯಾನ್’ನಲ್ಲಿ ಬರುವ ಫ಼.

ಇದು ಹೇಗಾಯಿತು? ಯೂನಿಕೋಡು ಭಾರತದ ಲಿಪಿಗಳನ್ನು ಜೋಡಿಸಿದ್ದು 1988ರ ಇಸ್ಕಿ ಎಂಬ ನಮ್ಮ ದೇಶದ ಪಟ್ಟಿಯನ್ನು ಅನುಸರಿಸಿ. ಅಲ್ಲಿ ದೇವನಾಗರಿಯ ಚೌಕಟ್ಟೇ ಎಲ್ಲ ಲಿಪಿಗಳಿಗೂ ಅಚ್ಚು. ದೇವನಾಗರಿಯಲ್ಲಿ ಫ಼ ಕೂತಿರುವ ಮನೆಯಲ್ಲೇ ಕನ್ನಡದಲ್ಲಿ ೞ ಕೂತಿದೆ. ಮನೆಯ ಹೆಸರು ಒಕ್ಕಲಿಗೂ ಅಂಟಿತೆಂದು ನನ್ನ ಊಹೆ. ತಪ್ಪು ಅವರಿಗೂ ತಿಳಿದಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ಕಟ್ಟಳೆ. ಸರಿಯಾದ ಹೆಸರು ಪಕ್ಕದಲ್ಲಿ ಉಪನಾಮವಾಗಿ ನಿಂತಿದೆ. ತೆರೆಯ ಮೇಲೆ ಅಕ್ಷರ ಸರಿಯಾಗಿಯೇ ಮೂಡುತ್ತದೆ, ಹೆಸರಿನಿಂದೇನು ಎನ್ನುವವರಿದ್ದಾರೆ. ಊರ ಹೆಸರನ್ನು ಸರ್ಕಾರ ತಪ್ಪಾಗಿ ಬರೆದರೆ ಬೀದಿಗಿಳಿಯುವವರೂ ಇವರೇ.

ಆ ಸಂಸ್ಥೆಯಲ್ಲಿ ಮತದ ಹಕ್ಕುಳ್ಳ ಪೂರ್ಣ ಸದಸ್ಯರಲ್ಲಿ ಹೆಚ್ಚಿನವರು ಆಪಲ್, ಗೂಗಲ್, ಮೈಕ್ರೋಸಾಫ್ಟಿನಂಥ ಅಮೆರಿಕದ ಕಂಪನಿಗಳು. ಈ ಮೂರಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ದುಡಿಮೆ ಇಲ್ಲಿ, ತೀರ್ಮಾನ ಅಲ್ಲಿ. ಆದರೂ ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಆ ಪಟ್ಟಿ ಸಿದ್ಧವಾಗುತ್ತಿದ್ದಾಗ ನಮ್ಮ ವ್ಯಾಕರಣ ಪಂಡಿತರು, ವಿಮರ್ಶಕರು ಎಲ್ಲಿದ್ದರು? ನವ್ಯವೋ ಬಂಡಾಯವೋ ಎಂದು ಚರ್ಚಿಸುತ್ತಿದ್ದೆವು. ಲಿಪಿಯ ಸಂಗತಿ ಎಂಜಿನಿಯರುಗಳದೆಂದು ಬಿಟ್ಟುಬಿಟ್ಟೆವು. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಾಗೆ ಬಿಡಲಿಲ್ಲ. 2007ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಅವರ ಕಾದಂಬರಿಗಳ ಮೇಲೆ ಪ್ರಬಂಧಗಳು ಬಂದಷ್ಟೂ ಬರುತ್ತಿವೆ. ಈ ಕೆಲಸವನ್ನು ಮಾತ್ರ ಅವರ ಫೋಟೋಗ್ರಫಿ, ಮೀನು ಹಿಡಿಯುವ ಗೀಳುಗಳ ಸಾಲಿಗೆ ಸೇರಿಸಿ ಮುಗುಳ್ನಗುತ್ತೇವೆ. ಅದೂ ಅವರ ಸಾಹಿತ್ಯಕರ್ಮವೆಂದೇ ನನ್ನ ಎಣಿಕೆ.

ನನ್ನ ಲೇಖನವನ್ನು ಗೆಳೆಯರೊಬ್ಬರು ಪರಿವರ್ತಕಕ್ಕೆ ಹಾಕಿ ತಂದುಕೊಟ್ಟಿದ್ದಾರೆ. ಒತ್ತಕ್ಷರಗಳು ಹಲವೆಡೆ ಹಾರಿಹೋಗಿವೆ. ಶಾಸನ ಓದುವವರ ಹಾಗೆ, ಬಿಟ್ಟ ಕಡೆ ಊಹಿಸಿ ತುಂಬುತ್ತಿದ್ದೇನೆ.