ಬದನೆಯ ಬಹಿರಂಗ ವಿಚಾರಣೆ

ವಿಜ್ಞಾನಿಗಳು ಕೊಟ್ಟ ನಿರ್ಣಯವೊಂದನ್ನು ಜನಸಾಮಾನ್ಯರ ಮುಂದಿರಿಸಿ, ಅದರ ಗುಣದೋಷಗಳನ್ನು ಅವರ ಬಾಯಿಂದಲೇ ಕೇಳಿ, ಅನಂತರ ಸರ್ಕಾರವು ತನ್ನ ಆಜ್ಞೆಯನ್ನು ಹೊರಡಿಸಿದ ಪ್ರಸಂಗಗಳು ನಮ್ಮ ದೇಶದಲ್ಲಿ ಅತಿ ವಿರಳ. 2010ನೆಯ ಇಸವಿಯ ಜನವರಿ 13ರಿಂದ ಫೆಬ್ರವರಿ 6ರವರೆಗೆ, ಕೋಲ್ಕತ್ತದಲ್ಲಿ ಮೊದಲ್ಗೊಂಡು ಬೆಂಗಳೂರಿನಲ್ಲಿ ಮುಗಿದಂತೆ, ಏಳು ನಗರಗಳಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ನಡೆಸಿದ ಬಿ.ಟಿ. ಬದನೆಯ ಸಮಾಲೋಚನೆ ಅಂಥದೊಂದು ಪ್ರಸಂಗ. ಸುಮಾರು 8,000 ಮಂದಿ ಪಾಲ್ಗೊಂಡ ಆ ಸಭೆಗಳನ್ನು ಪ್ರಜಾಪ್ರಭುತ್ವದ ವಿಜಯವೆಂದು ಕೊಂಡಾಡಿದವರುಂಟು. ವಿಜ್ಞಾನಕ್ಕೆ ಬಗೆದ ದ್ರೋಹವೆಂದು ಹಳಿದವರೂ ಉಂಟು. ನನಗೆ ಎರಡು ಮಾತೂ ಪೂರ್ತಿಯಾಗಿ ಸಮ್ಮತವಲ್ಲ. ಜನರನ್ನು ಕೇಳಿದ್ದು ನ್ಯಾಯವಾಯಿತು. ಕೇಳಿದ ಮೇಲೆ ಮಾಡಬೇಕಾಗಿದ್ದ ಕಾರ್ಯವನ್ನು ನಡುದಾರಿಯಲ್ಲಿ ಕೈಬಿಟ್ಟದ್ದು ಅನ್ಯಾಯವಾಯಿತು.

ಈ ವಿವಾದದ ಮೂಲದಲ್ಲಿದ್ದ ಕಷ್ಟ ಕಲ್ಪಿತವಾದುದಲ್ಲ. ಬದನೆಯ ತೋಟಕ್ಕೆ ಇಳಿದು ನೋಡಿದವರಿಗೆ ಕುಡಿ ಮತ್ತು ಕಾಯಿ ಕೊರಕದ ಉಪದ್ರವ ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ಎಳೆಯ ಕುಡಿಯೊಳಗೆ ಹೊಕ್ಕ ಮರಿಹುಳು ತಿರುಳನ್ನು ತಿನ್ನುತ್ತಿರಲು, ನಿನ್ನೆ ನೆಟ್ಟಗಿದ್ದ ತುದಿ ಇಂದು ಬಾಡಿ ಜೋತುಬೀಳುತ್ತದೆ; ಕಾಯಿ ಕಚ್ಚಿದ ಮೇಲೆ ಅದೇ ಹುಳು ಕಾಯಿಗೆ ತೂತು ಕೊರೆದು ಒಳಸೇರಿ, ಹಿಕ್ಕೆಯಿಂದ ಆ ದ್ವಾರವನ್ನೇ ಮುಚ್ಚಿಬಿಡುತ್ತದೆ. ಒಳಹೊಕ್ಕ ಹುಳುವಿಗೆ ಔಷಧ ತಾಗದು; ಆದುದರಿಂದ ಹುಳು ಒಳಹೋಗುವ ಮುನ್ನವೇ ಕೊಲ್ಲಬೇಕೆಂದು ರೈತನು ಮತ್ತೆ ಮತ್ತೆ ವಿಷ ಸಿಂಪಡಿಸುತ್ತಾನೆ, ಆ ವಿಷದ ಶೇಷ ಸಂತೆಯ ಮೂಲಕ ನಮ್ಮ ಅಡುಗೆಮನೆಗೆ ಬರುತ್ತದೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಜೀನ್ ಒಂದನ್ನು ಬದನೆಗೆ ಸೇರಿಸಿ, ಗಿಡವೇ ಹುಳುವನ್ನು ಕೊಲ್ಲುವಂತೆ ಮಾಡಿದ ಮಹಿಕೋ ಕಂಪನಿಯ ಉಪಾಯ ಈ ಸಂಕಟಕ್ಕೆ ಉತ್ತರವಾಗಿ ಬಂದುದು. ಈ ಉತ್ತರವನ್ನು ತಿರಸ್ಕರಿಸುವವರು ಮೊದಲು ಆ ಸಂಕಟವನ್ನು ಅಂಗೀಕರಿಸತಕ್ಕದ್ದು. ಸಭೆಗಳಲ್ಲಿ ಆರ್ಭಟಿಸಿದವರಲ್ಲಿ ಅನೇಕರು ಅಷ್ಟು ಮಾಡಲಿಲ್ಲ.

ಆದರೆ ಜನರ ಅವಿಶ್ವಾಸ ಆ ಸಭೆಗಳಲ್ಲಿ ಹುಟ್ಟಿದ್ದಲ್ಲ. ಬೀಜವನ್ನು ಮಾರಹೊರಟ ಕಂಪನಿಯೇ ಅದರ ನಿರಪಾಯತೆಯ ಪರೀಕ್ಷೆಗಳ ವರದಿಯನ್ನು ಸಿದ್ಧಪಡಿಸಿ ಒಪ್ಪಿಸಿತ್ತು. ಇಲಿಗಳಿಗೆ ಉಣಿಸಿ ನಡೆಸಿದ ಮುಖ್ಯ ವಿಷಪರೀಕ್ಷೆಯ ಅವಧಿ 90 ದಿನ. ಆಯುಷ್ಯಪರ್ಯಂತ ಬದನೆ ತಿನ್ನುವ ಜನರಿಗೆ ಆ ಅವಧಿ ಸಾಲದೆಂದು ತೋರಿದರೆ ಅದು ಮೌಢ್ಯವೆನಿಸದು. ಆ ದಾಖಲೆಗಳು ಬಹುಕಾಲ ಗೋಪ್ಯವಾಗಿದ್ದು, ಮಾಹಿತಿ ಹಕ್ಕಿನ ಹೋರಾಟವೂ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶವೂ ಆದ ಮೇಲೆಯೇ, 2008ರಲ್ಲಿ, ಬೆಳಕಿಗೆ ಬಂದುವು. ಅಲ್ಲಿಂದ ಮುಂದೆ, ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನ ಸಮಿತಿಯು 2009ರ ಅಕ್ಟೋಬರ್ 14ರಂದು ಒಪ್ಪಿಗೆ ಕೊಟ್ಟಾಗ, ಸುಪ್ರೀಂ ಕೋರ್ಟಿನ ನೇಮಕದಿಂದ ಆ ಸಮಿತಿಯಲ್ಲಿ ಕುಳಿತಿದ್ದ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಸ್ಥಾಪಕರಾದ ಪಿ. ಎಂ. ಭಾರ್ಗವ ಅವರೇ ಬಲವಾಗಿ ಭಿನ್ನಮತ ಸೂಚಿಸಿದ್ದರು. ವಿಜ್ಞಾನಿಗಳಲ್ಲಿಯೇ ಭೇದವಿರುವಾಗ ಜನರು ಪ್ರಶ್ನಿಸಿದ್ದನ್ನು ಅಜ್ಞಾನವೆಂದು ಕರೆಯುವುದು ಉದ್ಧಟತನ.

ಕನ್ನಡನಾಡಿಗೆ ಈ ಪ್ರಶ್ನೆ ಮತ್ತಷ್ಟು ಸಮೀಪದ್ದಾಗಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಇದೇ ಜೀನನ್ನು ಸೇರಿಸಲು ಆರಿಸಿಕೊಂಡ ನಾಡತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರ ಪ್ರಸಾದವೆಂದು ಮಟ್ಟು ಗ್ರಾಮದವರು ಇಂದಿಗೂ ಭಾವಿಸುವ, ಕೃಷ್ಣಮಠದ ಅಡುಗೆಯಲ್ಲಿ ಮಾನ್ಯತೆ ಪಡೆದಿರುವ, 2011ರಲ್ಲಿ ಭೌಗೋಳಿಕ ಸೂಚಿಯನ್ನೂ ಗಳಿಸಿದ ಆ ದುಂಡನೆಯ ತಿಳಿಹಸುರು ಕಾಯಿಯನ್ನು ಬದಲಿಸುವ ಮುನ್ನ ಅದನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರ ಸಮ್ಮತಿಯನ್ನು ಕೇಳಬೇಕೆಂಬುದು ಸಾಮಾನ್ಯ ಸೌಜನ್ಯ. ನಾಡತಳಿಗಳನ್ನು ಜೀವವೈವಿಧ್ಯ ಕಾಯಿದೆಯ ಅನುಮತಿಯಿಲ್ಲದೆ ಬಳಸಲಾಯಿತೆಂಬ ದೂರು ಸಹ ಮುಂದೆ ಬೆಂಗಳೂರಿನಿಂದಲೇ ಎದ್ದಿತು.

ಸಮಾಲೋಚನೆಯ ದೊಡ್ಡ ಗುಣವಾವುದೆಂದರೆ, ಸಚಿವರು 2010ರ ಫೆಬ್ರವರಿ 9ರಂದು ತಮ್ಮ ತೀರ್ಮಾನವನ್ನು ಕಾರಣಸಹಿತವಾಗಿ, ತಮಗೆ ಬಂದ ಪತ್ರಗಳನ್ನೂ ವಿಜ್ಞಾನಿಗಳ ಪರ-ವಿರೋಧ ಅಭಿಪ್ರಾಯಗಳನ್ನೂ ಒಡಗೂಡಿಸಿ ಪ್ರಕಟಿಸಿದುದು. ಅಧಿಕಾರದಲ್ಲಿರುವವರು ತಾವು ಏಕೆ ಹೀಗೆ ಮಾಡಿದೆವೆಂದು ಪ್ರಜೆಗಳಿಗೆ ಬರೆದು ತಿಳಿಸುವ ಪದ್ಧತಿ ಇನ್ನೂ ಬೇರೂರದ ದೇಶದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ದೋಷವೂ ಅಷ್ಟೇ ಸ್ಪಷ್ಟ: ಪರಾಗ ಎಷ್ಟು ದೂರ ಹೋಗುತ್ತದೆ, ಹುಳು ಎಷ್ಟು ವರ್ಷಗಳಲ್ಲಿ ಪ್ರತಿರೋಧ ಗಳಿಸುತ್ತದೆ ಎಂಬ ಪ್ರಶ್ನೆಗಳು ಘೋಷಣೆಗಳಿಂದ ತೀರುವಂಥವಲ್ಲ; ತುಂಬಿದ ಸಭಾಂಗಣ ಪ್ರಯೋಗಶಾಲೆಯ ಕೆಲಸ ಮಾಡಲಾರದು. ರಾಜ್ಯ ಸರ್ಕಾರಗಳು ಪಕ್ಷಭೇದವಿಲ್ಲದೆ ವಿರೋಧಿಸಿದುದಕ್ಕೆ ರಾಜಕೀಯ ಮಹತ್ವವಿತ್ತು, ಅದನ್ನು ಸಚಿವರು ಗಣಿಸಿದ್ದು ಸರಿಯೇ. ಆದರೆ ಅದು ವೈಜ್ಞಾನಿಕ ಸಾಕ್ಷ್ಯವಾಗಿರಲಿಲ್ಲ.

ಸ್ವತಂತ್ರ ಅಧ್ಯಯನಗಳು ಜನರಿಗೂ ತಜ್ಞರಿಗೂ ತೃಪ್ತಿಯಾಗುವಂತೆ ಬದನೆಯ ದೀರ್ಘಕಾಲಿಕ ನಿರಪಾಯತೆಯನ್ನು ಸ್ಥಾಪಿಸುವವರೆಗೆ ತಡೆ ಇರತಕ್ಕದ್ದೆಂದು ಸಚಿವರು ವಿಧಿಸಿದರು. ಇದು ವಿವೇಕದ ಮಾತು. ಆದರೆ ಆ ವಿವೇಕಕ್ಕೆ ಗಡುವಿರಲಿಲ್ಲ. ಗಡುವಿಲ್ಲದ ತಡೆ ಕ್ರಮೇಣ ನಿಷೇಧವೇ ಆಗಿ, ಪರೀಕ್ಷೆಯ ಮಾತು ಕಡತದಲ್ಲಿ ಉಳಿಯಿತು. ಸ್ವತಂತ್ರ ನಿಯಂತ್ರಣ ಪ್ರಾಧಿಕಾರವೊಂದನ್ನು ಸ್ಥಾಪಿಸಲು 2013ರಲ್ಲಿ ಲೋಕಸಭೆಗೆ ಬಂದ ಮಸೂದೆಯೂ ಅಂಗೀಕಾರವಾಗದೆ ಬಿದ್ದುಹೋಯಿತು.

ವಿಜ್ಞಾನಿಗಳು ಸಹ ತಮ್ಮ ಪಾಲಿನ ಅವಕಾಶವನ್ನು ಹಾಳುಮಾಡಿಕೊಂಡರು, ಮತ್ತು ಈ ಪ್ರಕರಣದಲ್ಲಿ ನನ್ನನ್ನು ಅತ್ಯಂತ ನೋಯಿಸುವ ಸಂಗತಿ ಇದೇ. ದೇಶದ ಆರು ಅಕಾಡೆಮಿಗಳು ಕೂಡಿ 2010ರ ಸೆಪ್ಟೆಂಬರಿನಲ್ಲಿ ಕುಲಾಂತರಿ ಬೆಳೆಗಳ ಬಗ್ಗೆ ವರದಿ ಕೊಟ್ಟಾಗ, ಅದರ ಕೆಲವು ಸಾಲುಗಳು ಈ ತಂತ್ರಜ್ಞಾನದ ಪರವಾಗಿ ಮೊದಲೇ ಪ್ರಕಟವಾಗಿದ್ದ ಲೇಖನವೊಂದರಿಂದ, ಮೂಲವನ್ನು ಹೆಸರಿಸದೆ, ಯಥಾವತ್ತಾಗಿ ಎತ್ತಿದವೆಂದು ಬಯಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ತಿದ್ದಿದ ವರದಿ ಬಂದಿತಾದರೂ ಕೆಟ್ಟ ಹೆಸರು ತೊಳೆದುಹೋಗಲಿಲ್ಲ. ನ್ಯಾಯಾಧೀಶನು ವಾದಿಯ ಅರ್ಜಿಯನ್ನೇ ನಕಲು ಮಾಡಿ ತೀರ್ಪೆಂದು ಓದಿದರೆ ಆ ನ್ಯಾಯಾಲಯಕ್ಕೆ ಯಾರು ಹೋದಾರು? ವಿದ್ಯಾರ್ಥಿಯ ಪ್ರಬಂಧದಲ್ಲಿಯೂ ಕ್ಷಮ್ಯವಲ್ಲದ ಅಪರಾಧವನ್ನು ಎಸಗಿದ ಮೇಲೆ, ರಾಜಕಾರಣಿಗಳು ವಿಜ್ಞಾನದ ಮಾತನ್ನು ಕೇಳುವುದಿಲ್ಲವೆಂದು ದೂರುವ ಅಧಿಕಾರ ಹೇಗೆ ಉಳಿದೀತು?

ಇತ್ತ ನಿರ್ಣಯ ನಿಂತರೂ ಲೋಕ ನಿಲ್ಲಲಿಲ್ಲ. ಬಾಂಗ್ಲಾದೇಶವು 2013ರಲ್ಲಿ ಇದೇ ಜೀನಿನ ಬದನೆಗೆ ಅನುಮತಿ ಕೊಟ್ಟು, ಮರುವರ್ಷ ಸಸಿಗಳನ್ನು ರೈತರ ಕೈಗಿತ್ತಿತು. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಕಾನೂನುಬಾಹಿರವಾಗಿ ಬೆಳೆದ ಬಿ.ಟಿ. ಬದನೆ ಪತ್ತೆಯಾಯಿತು. ಪರೀಕ್ಷಿಸಿ ಬೇಕೆನ್ನಲೂ ಇಲ್ಲ, ಪರೀಕ್ಷಿಸಿ ಬೇಡವೆನ್ನಲೂ ಇಲ್ಲ. ಪರೀಕ್ಷೆಯಿಲ್ಲದೆ ಕಳ್ಳದಾರಿಯಲ್ಲಿ ಹೊಲಕ್ಕೆ ಬಂದ ಬೀಜದಿಂದ ತಡೆಯ ಸಮರ್ಥಕರಿಗಾಗಲಿ ವಿರೋಧಿಗಳಿಗಾಗಲಿ ಯಾವ ಸಮಾಧಾನ?

ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರೂ, ಇಂಥ ಬೆಳೆಗಳ ಬಗ್ಗೆ ಎಲ್ಲರನ್ನೂ ಕೇಳಿ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕೆಂಬುದರಲ್ಲಿ ಏಕಮತರಾದರು. ಆ ನೀತಿಯನ್ನು ಬರೆಯುವವರಲ್ಲಿ ನನ್ನ ಬಿನ್ನಹ ಇಷ್ಟೆ: ಜನರನ್ನು ಕೇಳುವ ವಿಧಿಯೊಂದಿಗೆ, ಪರೀಕ್ಷೆಯನ್ನು ಯಾರು, ಯಾರ ಹಣದಿಂದ, ಎಷ್ಟು ದಿನಗಳೊಳಗೆ ಮುಗಿಸಬೇಕು, ಅದರ ಅಂಕಿಅಂಶಗಳು ಎಲ್ಲಿ ಎಲ್ಲರಿಗೂ ದೊರೆಯಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ.