ಸೂರ್ಯಾಸ್ತದಾಚೆಯ ಕರಾವಳಿ

ಕಾರವಾರ–ಅಂಕೋಲೆ ಕರಾವಳಿಯ ಹವ್ಯಾಸಿ ಛಾಯಾಗ್ರಾಹಕರ ಚಿತ್ರಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ಕೈಚಳಕ. ಫೋಕಸ್ ಚುರುಕಾಗಿದೆ, ದಿಗಂತ ಓರೆಯಾಗಿಲ್ಲ, ಬೆಳಕಿನ ಲೆಕ್ಕ ತಪ್ಪಿಲ್ಲ. ಆದರೆ ನೋಡುತ್ತ ಹೋದಂತೆ ಅದೇ ನಾಲ್ಕಾರು ಚಿತ್ರಗಳು ಮತ್ತೆ ಮತ್ತೆ ಎದುರಾಗುತ್ತವೆ: ಟಾಗೋರ್ ಕಡಲತೀರದ ಸೂರ್ಯಾಸ್ತ, ದೇವಬಾಗದ ಗಾಳಿಮರಗಳ ಸಾಲು, ಬೇಲೇಕೇರಿ ಕೊಲ್ಲಿಯಲ್ಲೊಂದು ಒಂಟಿ ದೋಣಿ, ಸದಾಶಿವಗಡದಿಂದ ಕಂಡ ಕಾಳಿ ಸಂಗಮ. ಯಾವ ಚಿತ್ರ ಯಾರದು, ಯಾವ ವರ್ಷದ್ದು ಎಂದು ಹೇಳುವುದು ಕಷ್ಟ.

ಇದಕ್ಕೆ ಕಾರಣಗಳಿಲ್ಲದಿಲ್ಲ. ಇಲ್ಲಿ ಸಹ್ಯಾದ್ರಿಯ ಗುಡ್ಡಗಳು ಕಡಲಿನವರೆಗೂ ಚಾಚಿವೆ. ಸೂರ್ಯ ಹುಟ್ಟುವುದು ಅವುಗಳ ಬೆನ್ನಿಗೆ. ಹಾಗಾಗಿ ಬೆಳಗಿನ ಬಿಸಿಲು ಮರಳಿಗೆ ಇಳಿಯುವುದು ತಡವಾಗಿ. ಸಂಜೆಯ ಬೆಳಕಾದರೋ ನೇರ ಕಡಲಿನಿಂದ ಬರುತ್ತದೆ. ಕೆಲಸಕ್ಕೆ ಹೋಗುವವರಿಗೆ ಬಿಡುವಾಗುವುದೂ ಆಗಲೇ. ಇನ್ನೊಂದು ಕಾರಣ ಸ್ಪರ್ಧೆಗಳದ್ದು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ನಮ್ಮ ಹವ್ಯಾಸಿಗಳಿಗೆ ಶಿಸ್ತು ಕಲಿಸಿವೆ. ಟಿ.ಎನ್.ಎ. ಪೆರುಮಾಳ್ ಅವರಂಥವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಜಗತ್ತಿನ ಮನ್ನಣೆ ತಂದದ್ದು ಇಂಥ ವಾತಾವರಣದಲ್ಲೇ. ಆ ಋಣ ದೊಡ್ಡದು. ಆದರೆ ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣು ಒಂದು ಚಿತ್ರದ ಮೇಲೆ ನಿಲ್ಲುವುದು ಕೆಲವೇ ಕ್ಷಣ. ಅಷ್ಟರಲ್ಲಿ ಗೆಲ್ಲುವುದು ಒಂದೇ ವಸ್ತು, ಖಾಲಿ ಹಿನ್ನೆಲೆ, ಕಡು ಬಣ್ಣ. ಆ ರುಚಿಯೇ ಈಗ ಮೊಬೈಲ್ ಕ್ಯಾಮೆರಾಗಳಿಗೂ ಇಳಿದುಬಂದಿದೆ.

ಇದರಿಂದ ಕಳೆದುಹೋಗುತ್ತಿರುವುದು ಕಡಲಿನ ದುಡಿಮೆ. ರಂಪಣಿ ಬಲೆ ಎಳೆಯುವುದನ್ನೇ ನೋಡಿ. ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರಾಕಾರವಾಗಿ ಸುತ್ತು ಹಾಕುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಗುಂಪುಗಳು ಹಿಡಿದೆಳೆಯುತ್ತವೆ. ಹಿಮ್ಮಡಿ ಮರಳಿನಲ್ಲಿ ಹೂತು, ಬೆನ್ನು ಹಿಂದಕ್ಕೆ ಬಾಗುತ್ತದೆ. ಬಲೆ ಸಮೀಪಿಸಿದಂತೆ ಎರಡು ಗುಂಪುಗಳೂ ಒಂದಕ್ಕೊಂದು ಹತ್ತಿರವಾಗುತ್ತವೆ. ಕೊನೆಗೆ ಮೀನಿನ ಪಾಲು, ಬುಟ್ಟಿ ಹಿಡಿದು ಕಾದ ಹೆಂಗಸರ ಚೌಕಾಸಿ. ಇಷ್ಟೆಲ್ಲ ಒಂದು ಚಿತ್ರದಲ್ಲಿ ಹಿಡಿಯುವುದಿಲ್ಲ. ನಾಲ್ಕೈದು ಚಿತ್ರಗಳ ಸರಣಿಯೇ ಬೇಕು. ನಮಗೆ ಸಿಗುವುದು ಮಾತ್ರ ಕೆಂಪು ಆಕಾಶದೆದುರು ಹಗ್ಗ ಹಿಡಿದ ಕಪ್ಪು ಆಕೃತಿಗಳು. ಅವರ ಮುಖ ಕಾಣುವುದಿಲ್ಲ, ಬಲೆಯಲ್ಲಿ ಮೀನಿತ್ತೋ ಇಲ್ಲವೋ ತಿಳಿಯುವುದಿಲ್ಲ. ಪರ್ಸೀನ್ ದೋಣಿಗಳು ಬಂದಮೇಲೆ ರಂಪಣಿ ಅಪರೂಪವಾಗುತ್ತಿರುವಾಗ ಇದು ಸಣ್ಣ ನಷ್ಟವಲ್ಲ.

ಹಾಲಕ್ಕಿ ಒಕ್ಕಲಿಗ ಮಹಿಳೆಯರ ಚಿತ್ರಗಳಲ್ಲೂ ಇದೇ ಕೊರತೆ. ಕೊರಳ ತುಂಬ ಕರಿಮಣಿ ಸರ, ಸುಕ್ಕುಗಟ್ಟಿದ ಮುಖ, ಮಸುಕು ಹಿನ್ನೆಲೆ, ಕೆಳಗೆ ‘ಹಾಲಕ್ಕಿ ಅಜ್ಜಿ’ ಎಂಬ ಒಂದು ಸಾಲು. ಆಕೆಗೆ ಹೆಸರಿಲ್ಲವೇ, ಊರಿಲ್ಲವೇ, ಕೆಲಸವಿಲ್ಲವೇ? ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೇ ನೋಡಿತು. ಆ ಚಿತ್ರಕ್ಕೆ ಬೆಲೆ ಬಂದದ್ದು ಉಡುಗೆಯಿಂದಲ್ಲ. ಅಲ್ಲಿ ನಡೆಯುತ್ತಿರುವವರು ಯಾರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಅವರು ಮಾಡಿದ ಕೆಲಸವೇನು ಎಂಬುದು ನೋಡಿದವರಿಗೆ ಗೊತ್ತಾದದ್ದರಿಂದ.

ಊರು ಬದಲಾಗುವ ವೇಗಕ್ಕೂ ನಮ್ಮ ಕ್ಯಾಮೆರಾ ಹೊಂದಿಕೊಂಡಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಅರಗಾದಿಂದ ದಕ್ಷಿಣಕ್ಕೆ ಹಲವು ಹಳ್ಳಿಗಳ ಜನ ನೆಲೆ ಬಿಟ್ಟರು. ಅಲ್ಲಿ ಇಂದು ಛಾಯಾಗ್ರಹಣ ನಿಷಿದ್ಧ. ಆ ತೀರ ಹಿಂದೆ ಹೇಗಿತ್ತೆಂದು ತೋರಿಸಬಲ್ಲವು ನಿರಾಶ್ರಿತ ಕುಟುಂಬಗಳ ಮದುವೆ ಆಲ್ಬಮ್ಮುಗಳು, ಶಾಲೆಯ ಗುಂಪು ಚಿತ್ರಗಳು. ಯಾರೂ ಕಲೆಯೆಂದು ಕರೆಯದ ಆ ಚಿತ್ರಗಳ ಹಿನ್ನೆಲೆಯಲ್ಲಿ ಮನೆ, ಬಾವಿ, ತೆಂಗಿನ ತೋಟಗಳಿವೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿತು, ಪಕ್ಕದ ಚಹಾದಂಗಡಿಯನ್ನು ಗಂಗಾವಳಿ ನದಿಗೆ ತಳ್ಳಿತು. ಆಚೆ ದಡದ ಉಳುವರೆಯಲ್ಲೂ ಸಾವುನೋವಾಯಿತು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಆ ಸೇತುವೆಯನ್ನು ಸೂರ್ಯಾಸ್ತದ ಚೌಕಟ್ಟಾಗಿ ಬಳಸಿದ ಚಿತ್ರಗಳಿಗೆ ಲೆಕ್ಕವಿಲ್ಲ. ಅದರ ಕಂಬಗಳನ್ನು ವರ್ಷವರ್ಷವೂ ಹತ್ತಿರದಿಂದ ತೆಗೆದವರು, ಶಿರೂರಿನ ಗುಡ್ಡ ಹೇಗೆ ಕಡಿದಾಗುತ್ತ ಬಂತೆಂದು ದಾಖಲಿಸಿದವರು ವಿರಳ.

ಕಡಲತೀರದ ಹವ್ಯಾಸಿ ಚಿತ್ರ ಎಷ್ಟು ಎತ್ತರಕ್ಕೇರಬಹುದು ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಉದಾಹರಣೆಯಿದೆ. ಮ್ಯಾಕ್ಸ್ ಡುಪೇನ್ ವೃತ್ತಿಪರ ಛಾಯಾಗ್ರಾಹಕ. ಆದರೆ 1937ರಲ್ಲಿ ಗೆಳೆಯರೊಂದಿಗೆ ತೀರದಲ್ಲಿ ಬಿಡಾರ ಹೂಡಿದ್ದಾಗ ಬಿಡುವಿನಲ್ಲಿ ತೆಗೆದ ‘ಸನ್‌ಬೇಕರ್’ ಅವರ ಅತಿ ಪ್ರಸಿದ್ಧ ಚಿತ್ರವಾಯಿತು. ಮರಳ ಮೇಲೆ ಕವುಚಿ ಮಲಗಿದ ಒಬ್ಬ ಮನುಷ್ಯನ ತಲೆ, ಭುಜ, ತೋಳು, ಮೈಮೇಲೆ ನೀರ ಹನಿ, ಅಷ್ಟೇ. ಕಡಲನ್ನು ತೋರಿಸದೆಯೂ ಕಡಲತೀರದ ಬದುಕನ್ನು ಅದು ಹೇಳುತ್ತದೆ.

ಹೊರಗಿನಿಂದ ಬಂದು ಹೋಗುವವರಿಗೆ ಸಿಗದ ಒಂದು ಅನುಕೂಲ ಇಲ್ಲಿನ ಹವ್ಯಾಸಿಗಿದೆ: ಅದೇ ಜಾಗಕ್ಕೆ ಬೇಕೆಂದಾಗ ಮರಳಿ ಹೋಗಬಹುದು. ಅವರ್ಸಾದಲ್ಲಿರುವವರು ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಚಿತ್ರ ತೆಗೆದರೆ, ಮಳೆಗಾಲದ ಅಲೆ ದಂಡೆಯ ಮರಳನ್ನು ಒಯ್ಯುವುದೂ ಚಳಿಗಾಲದಲ್ಲಿ ಅದು ಮರಳಿ ಬರುವುದೂ ದಾಖಲಾಗುತ್ತದೆ. ಕಾತ್ಯಾಯನಿ ಬಾಣೇಶ್ವರ ದೇವಸ್ಥಾನದ ಜನಸಂದಣಿ, ಹೆದ್ದಾರಿಯ ಅಂಚು, ಹಾರವಾಡ ನಿಲ್ದಾಣದಲ್ಲಿ ಗಾಡಿಗೆ ಕಾಯುವವರು, ಇವೆಲ್ಲ ಚಿತ್ರವಾಗಲು ಯೋಗ್ಯ. ಸೂರ್ಯಾಸ್ತವನ್ನು ಬಿಡಬೇಕಿಲ್ಲ, ಅದರ ಜೊತೆಗೆ ಇವನ್ನೂ ತೆಗೆಯಿರಿ. ಪ್ರತಿ ಚಿತ್ರಕ್ಕೂ ದಿನಾಂಕ ಮತ್ತು ಸ್ಥಳ ಬರೆದಿಡಿ. ಜನರನ್ನು ಕೇಳಿ ತೆಗೆಯಿರಿ, ಅವರು ಒಪ್ಪಿದರೆ ಹೆಸರು ಬರೆಯಿರಿ, ಒಂದು ಪ್ರತಿ ಅವರ ಕೈಗೂ ಕೊಡಿ. ಕೌಶಲ ನಿಮ್ಮಲ್ಲಿ ಸಾಕಷ್ಟಿದೆ. ಈ ಕರಾವಳಿಗೆ ಈಗ ಬೇಕಿರುವುದು ನಿಮ್ಮ ದಾಖಲೆ.