ಫಿಲಿಪ್ಸರ ರೇಖೆ ಮತ್ತು ಮಾಲೀಕರ ಸ್ಪರ್ಧೆ

ಎಡಗಡೆಯ ಮೇಲ್ಮೂಲೆಯಿಂದ ಬಲಗಡೆಯ ಕೆಳಮೂಲೆಗೆ ಬಾಗಿ ಇಳಿಯುವ ರೇಖೆಯೊಂದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಒಂದು ಅಕ್ಷದಲ್ಲಿ ನಿರುದ್ಯೋಗ, ಇನ್ನೊಂದರಲ್ಲಿ ಹಣದುಬ್ಬರ; ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆಂಬುದು ಅದರ ತಾತ್ಪರ್ಯವೆಂದು ತರಗತಿಗಳಲ್ಲಿ ಬೋಧಿಸುತ್ತೇವೆ. ಈ ರೇಖೆಗೆ ಎ. ಡಬ್ಲ್ಯು. ಫಿಲಿಪ್ಸರ ಹೆಸರು ಅಂಟಿಕೊಂಡಿದೆ. ಆದರೆ 1958ರ ನವೆಂಬರಿನ 'ಎಕನಾಮಿಕಾ' ಪತ್ರಿಕೆಯಲ್ಲಿ ಪ್ರಕಟವಾದ ಅವರ ಮೂಲ ಪ್ರಬಂಧವನ್ನು ತೆರೆದು ನೋಡಿದವರು ವಿರಳ. ನೋಡಿದವರಿಗೆ ಮೊದಲು ಕಾಣುವ ಸಂಗತಿಯೆಂದರೆ, ಅಲ್ಲಿ ಲಂಬಾಕ್ಷದ ಮೇಲಿರುವುದು ಬೆಲೆಗಳ ಏರಿಕೆಯಲ್ಲ, ಹಣರೂಪದ ಕೂಲಿದರದಲ್ಲಾಗುವ ವಾರ್ಷಿಕ ವ್ಯತ್ಯಾಸ. ಆ ಸ್ಥಾನಕ್ಕೆ ಬೆಲೆಗಳನ್ನು ತಂದು, ರೇಖೆಯನ್ನು ಸರ್ಕಾರಗಳು ತಮಗೆ ಬೇಕಾದ ಬಿಂದುವನ್ನು ಆರಿಸಿಕೊಳ್ಳಬಹುದಾದ ಪಟ್ಟಿಯನ್ನಾಗಿ ಮಾಡಿದವರು 1960ರಲ್ಲಿ ಅಮೆರಿಕದ ಸ್ಯಾಮುಯೆಲ್ಸನ್ ಮತ್ತು ಸೋಲೋ. ಫಿಲಿಪ್ಸರನ್ನು ಖಂಡಿಸಿದವರು ಬಹುಮಟ್ಟಿಗೆ ಖಂಡಿಸಿದ್ದು ಈ ಪಟ್ಟಿಯನ್ನೇ. ಪ್ರಬಂಧದ ನಿಜವಾದ ದೌರ್ಬಲ್ಯ ಬೇರೆಡೆ ಇದೆಯೆಂದು ನಮ್ಮ ಅಭಿಪ್ರಾಯ.

ಫಿಲಿಪ್ಸರು ನ್ಯೂಜಿಲೆಂಡಿನವರು, ವೃತ್ತಿಶಿಕ್ಷಣದಿಂದ ಯಂತ್ರಶಿಲ್ಪಿ. ರಾಷ್ಟ್ರದ ಆದಾಯ ಹರಿಯುವ ಬಗೆಯನ್ನು ತೊಟ್ಟಿ, ಕೊಳವೆಗಳಲ್ಲಿ ಬಣ್ಣದ ನೀರನ್ನು ಹರಿಯಬಿಟ್ಟು ತೋರಿಸುವ ಯಂತ್ರವನ್ನು 1949ರಲ್ಲಿ ನಿರ್ಮಿಸಿ ಲಂಡನ್ನಿನ ಪಂಡಿತರನ್ನು ಬೆರಗುಗೊಳಿಸಿದವರು. ಪ್ರಬಂಧದಲ್ಲಿಯೂ ಅದೇ ಕೈ ಕಾಣುತ್ತದೆ. 1861ರಿಂದ 1913ರವರೆಗಿನ ಬ್ರಿಟನ್ನಿನ 53 ವರ್ಷಗಳ ಅಂಕಿಗಳನ್ನು ಅವರು ನಿರುದ್ಯೋಗದ ಪ್ರಮಾಣಾನುಸಾರ ಆರು ಗುಂಪು ಮಾಡಿ, ಪ್ರತಿ ಗುಂಪಿನ ಸರಾಸರಿಯನ್ನು ಒಂದು ಬಿಂದುವಾಗಿ ಗುರುತಿಸಿದರು. ನಿರುದ್ಯೋಗ ಶೇ. 5ಕ್ಕಿಂತ ಕಡಿಮೆಯಿದ್ದ ನಾಲ್ಕು ಬಿಂದುಗಳಿಗೆ ಲೆಕ್ಕದಿಂದ ರೇಖೆಯನ್ನು ಹೊಂದಿಸಿ, ಉಳಿದೆರಡು ಬಿಂದುಗಳ ಸಮೀಪ ಅದು ಹಾಯುವಂತೆ ಒಂದು ಸ್ಥಿರಾಂಕವನ್ನು ಪ್ರಯೋಗಪೂರ್ವಕವಾಗಿ ತಿದ್ದಿದರು. ಸಂಖ್ಯಾಶಾಸ್ತ್ರಜ್ಞರಿಗೆ ಇದು ಒರಟು ಕೆಲಸವಾಗಿ ತೋರಬಹುದು. ಆದರೂ ಹಿಂದಿನ ಶತಮಾನದ ಅಂಕಿಗಳಿಂದ ಎಳೆದ ಆ ರೇಖೆಯ ಬಳಿಯಲ್ಲೇ 1948ರಿಂದ 1957ರವರೆಗಿನ ವರ್ಷಗಳೂ ಬಂದು ನಿಂತುದು ಸಾಮಾನ್ಯ ಸಾಧನೆಯಲ್ಲ. ಉತ್ಪಾದಕತೆ ವರ್ಷಕ್ಕೆ ಶೇ. 2ರಂತೆ ಬೆಳೆಯುವುದಾದರೆ, ನಿರುದ್ಯೋಗ ಶೇ. 2½ಕ್ಕೆ ತುಸು ಕಡಿಮೆಯಿರುವಾಗ ಬೆಲೆಗಳು ಸ್ಥಿರವಾಗಿರುವುವೆಂದು ಅವರು ತೀರ್ಮಾನಿಸಿದರು. ತೀರ್ಮಾನಗಳು ತಾತ್ಕಾಲಿಕವೆಂದು ಎಚ್ಚರಿಸುವುದನ್ನೂ ಮರೆಯಲಿಲ್ಲ.

ಈ ರೇಖೆ ಏಕೆ ಹೀಗೆ ಬಾಗುತ್ತದೆ? ಯಾವ ಸರಕಿಗೆ ಬೇಡಿಕೆ ಪೂರೈಕೆಗಿಂತ ಅಧಿಕವೋ ಅದರ ಬೆಲೆ ಏರುತ್ತದೆ. ಶ್ರಮವೂ ಅಂತಹುದೇ ಎಂದು ಫಿಲಿಪ್ಸರು ಆರಂಭಿಸುತ್ತಾರೆ. ಕೆಲಸವಿಲ್ಲದವರು ಕೆಲವರೇ ಇರುವಾಗ, ನೆರೆಯವನ ಕಾರ್ಖಾನೆಯಿಂದ ಒಳ್ಳೆಯ ಕೆಲಸಗಾರರನ್ನು ಸೆಳೆಯಲು ಪ್ರತಿಯೊಬ್ಬ ಮಾಲೀಕನೂ ರೂಢಿಯ ದರಕ್ಕಿಂತ ತುಸು ಹೆಚ್ಚು ಕೊಡಲು ಮುಂದಾಗುತ್ತಾನೆ. ನಿರುದ್ಯೋಗ ಹೆಚ್ಚಿರುವಾಗಲಾದರೋ, ಕಾರ್ಮಿಕರು ರೂಢಿಯ ದರಕ್ಕಿಂತ ಕಡಿಮೆಗೆ ದುಡಿಯಲು ಒಪ್ಪದ ಕಾರಣ ಕೂಲಿ ನಿಧಾನವಾಗಿ ಮಾತ್ರ ಇಳಿಯುತ್ತದೆ. ಇಡೀ ಯಂತ್ರವನ್ನು ನಡೆಸುವ ಶಕ್ತಿ, ಹಾಗಾದರೆ, ಮಾಲೀಕರ ಪರಸ್ಪರ ಸ್ಪರ್ಧೆ. ಈ ಸ್ಪರ್ಧೆ ಇದೆಯೆಂಬುದಕ್ಕೆ ಪ್ರಬಂಧದಲ್ಲಿ ಪ್ರತ್ಯೇಕ ಪ್ರಮಾಣವಿಲ್ಲ. ಅದನ್ನು ಗ್ರಹಿಸಿಯೇ ಮುಂದೆ ಸಾಗಲಾಗಿದೆ. ಮಾಲೀಕರು ಕೂಲಿಯನ್ನು ಏರಿಸದಿರಲು ಎಲ್ಲೆಲ್ಲೂ ಮೌನವಾಗಿ ಒಗ್ಗೂಡಿರುತ್ತಾರೆಂದು ಆಡಂ ಸ್ಮಿತ್ 1776ರಲ್ಲಿಯೇ ಹೇಳಿದ್ದನೆಂಬುದನ್ನು ಇಲ್ಲಿ ನೆನೆಯದಿರಲಾಗದು.

ಸ್ವಾರಸ್ಯವೇನೆಂದರೆ, ಫಿಲಿಪ್ಸರ ಅಂಕಿಗಳೇ ಈ ಸಂದೇಹವನ್ನು ಎತ್ತುತ್ತವೆ. 1890ರ ದಶಕದ ನಡುವಿನ ವರ್ಷಗಳಲ್ಲಿ ಕೂಲಿ ರೇಖೆ ಸೂಚಿಸುವಷ್ಟು ಏರಲಿಲ್ಲ. ಆ ಕಾಲದಲ್ಲಿ ಮಾಲೀಕರ ಒಕ್ಕೂಟಗಳು ಬೆಳೆದು, ಕಾರ್ಮಿಕರ ಬೇಡಿಕೆಗಳನ್ನು ಎದುರಿಸಿ ನಿಂತುದು ಇದಕ್ಕೆ ಕಾರಣವಿರಬಹುದೆಂದು ಅವರೇ ಸೂಚಿಸುತ್ತಾರೆ. ಯಂತ್ರೋದ್ಯಮದ ಮಾಲೀಕರು 1896ರಲ್ಲಿ ಒಕ್ಕೂಟ ಕಟ್ಟಿದರು. 1897ರ ಜುಲೈಯಿಂದ 1898ರ ಜನವರಿಯವರೆಗೆ ಕಾರ್ಖಾನೆಗಳ ಬಾಗಿಲು ಮುಚ್ಚಿ ಕಾರ್ಮಿಕ ಸಂಘವನ್ನು ಮಣಿಸಿದರು. ಸ್ಪರ್ಧಿಸಬೇಕಾದವರು ಕೈಜೋಡಿಸಿದೊಡನೆ ರೇಖೆ ತನ್ನ ಹಾದಿಯನ್ನು ಬಿಡುತ್ತದೆಂದಾದರೆ, ಅದು ಬದಿಗಿಡತಕ್ಕ ಅಪವಾದವೋ, ಸಿದ್ಧಾಂತದ ಬುಡಕ್ಕೆ ತಗಲುವ ಪ್ರಶ್ನೆಯೋ? ಪ್ರಬಂಧಕಾರರು ಕೆಲವೇ ವಾಕ್ಯಗಳಲ್ಲಿ ಅದನ್ನು ದಾಟಿಹೋಗುತ್ತಾರೆ. ನಮ್ಮ ಮುಖ್ಯ ಆಕ್ಷೇಪ ಇದೇ.

ಎರಡನೆಯ ಆಕ್ಷೇಪ ಚಿಕ್ಕದು. 1914ಕ್ಕೆ ಹಿಂದಿನ ನಿರುದ್ಯೋಗದ ಅಂಕಿಗಳು ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ವಿಷಯವಾಗಿ ಕೊಟ್ಟ ವರದಿಗಳಿಂದ ಬಂದವು. ಆ ಸದಸ್ಯರಲ್ಲಿ ಹೆಚ್ಚಿನವರು ಕುಶಲಕರ್ಮಿಗಳಾದ ಗಂಡಸರು. ಬಂದರಿನ ದಿನಗೂಲಿಗಳೂ ಮನೆಗೆಲಸದ ಹೆಂಗಸರೂ ಬಹುಮಟ್ಟಿಗೆ ಲೆಕ್ಕದ ಹೊರಗೆ. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಬಳಿಯೂ ಕೂಲಿಗಿರದೆ ಸ್ವಂತ ಹೊಲವನ್ನೋ ಅಂಗಡಿಯನ್ನೋ ನಂಬಿರುವ ನಮ್ಮ ದೇಶಕ್ಕೆ ಈ ರೇಖೆಯನ್ನು ಹಾಗೆಯೇ ಹೊಂದಿಸಹೊರಡುವ ಪರೀಕ್ಷಾಪತ್ರಿಕೆಗಳನ್ನು ಕಂಡಾಗ ಈ ಸಂಗತಿ ನೆನಪಾಗುತ್ತದೆ.

ಫಿಲಿಪ್ಸರ ವಿರುದ್ಧ ಪ್ರಬಲವಾದ ವಾದವನ್ನು ಹೂಡಿದವರು ಮಿಲ್ಟನ್ ಫ್ರೀಡ್‌ಮನ್. 1967ರ ಡಿಸೆಂಬರಿನ ಅಧ್ಯಕ್ಷಭಾಷಣದಲ್ಲಿ. ಕಾರ್ಮಿಕನೂ ಮಾಲೀಕನೂ ನೋಡುವುದು ಹಣದ ಕೂಲಿಯನ್ನಲ್ಲ, ಅದರಿಂದ ಕೊಳ್ಳಬಹುದಾದುದನ್ನು; ಬೆಲೆಗಳ ಏರಿಕೆಯನ್ನು ಜನರು ನಿರೀಕ್ಷಿಸತೊಡಗಿದ ಮೇಲೆ ರೇಖೆಯೇ ಮೇಲಕ್ಕೆ ಸರಿಯುತ್ತದೆ ಎಂದರು. 1975ರಲ್ಲಿ ಬ್ರಿಟನ್ನಿನ ಬೆಲೆಗಳು ಶೇ. 24ರಷ್ಟು ಏರಿದವು, ಅದೇ ವರ್ಷ ನಿರುದ್ಯೋಗಿಗಳ ಸಂಖ್ಯೆಯೂ ಹತ್ತು ಲಕ್ಷವನ್ನು ದಾಟಿತು. ಫ್ರೀಡ್‌ಮನ್ನರ ಮಾತು ಫಲಿಸಿತೆಂದು ಎಲ್ಲರೂ ಒಪ್ಪಿದರು. ನಾವೂ ಒಪ್ಪುತ್ತೇವೆ. ಆದರೆ ಸಹಜ ನಿರುದ್ಯೋಗದ ಪ್ರಮಾಣವನ್ನು ಹೆಚ್ಚಿಸುವ ಕಾರಣಗಳಿಗೆ ಅವರು ಅಮೆರಿಕದಿಂದ ಕೊಡುವ ನಿದರ್ಶನಗಳನ್ನು ಗಮನಿಸಿರಿ: ಕನಿಷ್ಠ ವೇತನದ ಮತ್ತು ಅದಕ್ಕೆ ಹೋಲುವ ಕಾನೂನುಗಳು, ಕಾರ್ಮಿಕ ಸಂಘಗಳ ಬಲ. ಮಾಲೀಕರ ಕೂಟ ಆ ಸಾಲಿನಲ್ಲಿಲ್ಲ. ಫಿಲಿಪ್ಸರು ಕಂಡೂ ದಾಟಿಹೋದುದನ್ನು ಅವರ ಎದುರಾಳಿ ಹೆಸರಿಸಲೂ ಇಲ್ಲ.

ಬೇಕಾದ ಉಪಕರಣವಾದರೋ ಇಬ್ಬರ ಕೈಗೂ ನಿಲುಕುವಂತಿತ್ತು. ಕೊಳ್ಳುವವನು ಒಬ್ಬನೇ ಇರುವ ಮಾರುಕಟ್ಟೆಯನ್ನು ಜೋನ್ ರಾಬಿನ್ಸನ್ ಅವರು ಅಪೂರ್ಣ ಸ್ಪರ್ಧೆಯನ್ನು ಕುರಿತ 1933ರ ಗ್ರಂಥದಲ್ಲಿ ವಿಶ್ಲೇಷಿಸಿದ್ದರು. ಅಂತಹ ಮಾಲೀಕನಿಗೆ ಹೊಸಬನೊಬ್ಬನಿಗಾಗಿ ಕೂಲಿ ಏರಿಸುವುದೆಂದರೆ ಹಳಬರೆಲ್ಲರಿಗೂ ಏರಿಸುವುದು. ಆದಕಾರಣ ಅವನು ಸ್ಥಾನಗಳನ್ನು ಖಾಲಿ ಬಿಟ್ಟಾನೇ ಹೊರತು ದರವನ್ನು ಏರಿಸಲಾರ. ನಿರುದ್ಯೋಗ ಇಳಿದರೂ ಕೂಲಿ ಏರದು. ಫಿಲಿಪ್ಸರ ರೇಖೆ ಅಲ್ಲಿ ಮಟ್ಟಸವಾಗುತ್ತದೆ. 1992ರಲ್ಲಿ ನ್ಯೂಜೆರ್ಸಿ ಸಂಸ್ಥಾನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿದಾಗ ಉಪಾಹಾರಗೃಹಗಳ ಕೆಲಸಗಳು ಕಡಿಮೆಯಾಗಲಿಲ್ಲವೆಂದು ಕಾರ್ಡ್ ಮತ್ತು ಕ್ರೂಗರ್ 1994ರಲ್ಲಿ ತೋರಿಸಿದುದು ಈ ವಿಶ್ಲೇಷಣೆಗೆ ಮರುಜೀವ ಕೊಟ್ಟಿತು. ಅವರ ಅಂಕಿಗಳನ್ನು ಕುರಿತ ವಾಗ್ವಾದವೂ ಕಡಿಮೆಯದಲ್ಲ. 2019ರಲ್ಲಿ ಅಮೆರಿಕದ ನಿರುದ್ಯೋಗ ಶೇ. 3.5ಕ್ಕೆ, ಐವತ್ತು ವರ್ಷಗಳಲ್ಲೇ ಕಾಣದ ಮಟ್ಟಕ್ಕೆ, ಇಳಿದರೂ ಕೂಲಿ ಹಾಗೂ ಬೆಲೆಗಳು ಮೆಲ್ಲನೆಯೇ ಏರಿದವು. ಜನರ ನಿರೀಕ್ಷೆ ಸ್ಥಿರವಾಗಿದ್ದುದು ಇದಕ್ಕೆ ಕಾರಣವೆಂದು ಹಲವರು ವಾದಿಸುತ್ತಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ನಿರೀಕ್ಷೆಗೆ ಸಲ್ಲುವ ಪಾಲೆಷ್ಟು, ಮಾಲೀಕರ ಬಲಕ್ಕೆ ಸಲ್ಲುವ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಅಳೆಯುವುದಕ್ಕೆ ಒಂದು ಪಟ್ಟಣದಲ್ಲಿ, ಒಂದು ಕಸುಬಿಗೆ ಎಷ್ಟು ಮಂದಿ ಮಾಲೀಕರಿದ್ದಾರೆಂಬ ಲೆಕ್ಕ ಬೇಕು. ಫಿಲಿಪ್ಸರ ಆರು ಬಿಂದುಗಳಲ್ಲಿ ಆ ಲೆಕ್ಕಕ್ಕೆ ಎಡೆಯಿರಲಿಲ್ಲ.